ಈಚಲ ಮರದ ಕೆಳಗಿನ ಮಜ್ಜಿಗೆ

ಭಾನುವಾರ ಬಂತೆಂದರೆ ಬೆಂಗಳೂರಿನ ಮಧ್ಯಮವರ್ಗದ ಸಂಸಾರಕ್ಕೆ ಒಂದು ಸಂತೋಷವೂ ಒಂದು ಸಂಕಟವೂ ಜೊತೆಜೊತೆಯಾಗಿಯೇ ಒದಗುತ್ತವೆ. ಎಲ್ಲರೂ ಮನೆಯಲ್ಲಿರುವರೆಂಬುದು ಸಂತೋಷ. ಎಲ್ಲರೂ ಕೂಡಿ ಎಲ್ಲಿಗೆ ಹೋಗಬೇಕೆಂಬುದು ಸಂಕಟ. ಹಿರಿಯರಿಗೆ ಮರದ ನೆರಳು ಬೇಕು, ಮಕ್ಕಳಿಗೆ ಆಟ ಬೇಕು, ಗೃಹಿಣಿಗೆ ಆ ಒಂದು ಹೊತ್ತಾದರೂ ಒಲೆಯ ಮುಂದೆ ನಿಲ್ಲದ ಬಿಡುವು ಬೇಕು. ಇನ್ನು ಯಜಮಾನನಿಗೆ ಏನು ಬೇಕೆಂಬುದನ್ನು ಅವನು ಅನೇಕ ವೇಳೆ ಬಾಯಿಬಿಟ್ಟು ಹೇಳುವುದೇ ಇಲ್ಲ. ಈ ನಗರದಲ್ಲಿ ನೋಡತಕ್ಕ ಜಾಗಗಳಿಗೆ ಬಡತನವಿಲ್ಲ. ಆದರೆ ಮೂರು ತಲೆಮಾರಿನವರು ಒಂದೇ ಮೇಜಿನ ಸುತ್ತ, ಯಾರೂ ಏನನ್ನೂ ಮರೆಮಾಚದೆ ಕುಳಿತು ಏಳಬಹುದಾದ ಜಾಗ ಯಾವುದು?

ಬಸವನಗುಡಿಯ ಒಂದು ಸಂಸಾರವನ್ನು ಓದುಗರು ಕಲ್ಪಿಸಿಕೊಳ್ಳಲಿ. ಎಪ್ಪತ್ತೈದು ದಾಟಿದ ಅಜ್ಜಿ, ಕಂಪನಿಯೊಂದರಲ್ಲಿ ಕೆಲಸಕ್ಕಿರುವ ಮಗ, ಶಾಲೆಯಲ್ಲಿ ಪಾಠ ಹೇಳುವ ಸೊಸೆ, ಎಂಟು ವರ್ಷದ ಮೊಮ್ಮಗಳು. ಆ ಭಾನುವಾರ ಬೆಳಗ್ಗೆ ಅವರು ಮೊದಲು ಹೊರಟದ್ದು ಲಾಲ್‌ಬಾಗಿಗೆ. ಹೈದರಾಲಿ 1760ರಲ್ಲಿ ಹಾಕಿಸಿದ ಈ ತೋಟದಲ್ಲಿ ವಯಸ್ಸಿನ ಭೇದವಿಲ್ಲ. 1889ರಲ್ಲಿ ಅಸ್ತಿಭಾರ ಬಿದ್ದ ಗಾಜಿನ ಮನೆಯನ್ನು ಅಜ್ಜಿ ತಮ್ಮ ಮದುವೆಯಾದ ಹೊಸತರಲ್ಲಿ ಕಂಡದ್ದನ್ನು ನೆನೆದರು. ಮೊಮ್ಮಗಳು ಕೆಂಪೇಗೌಡರ ಗೋಪುರವಿರುವ ಬಂಡೆಯ ಮೇಲೆ ಓಡಿ ಹತ್ತಿದಳು. ಆ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸೆಂದು ಅವಳ ತಾಯಿ ಹೇಳಿದಾಗ, “ಅಜ್ಜಿಗಿಂತಲೂ ದೊಡ್ಡದೆ?” ಎಂದು ಕೇಳಿ ಎಲ್ಲರನ್ನೂ ನಗಿಸಿದಳು.

ಹಸಿವಾಯಿತು. ಲಾಲ್‌ಬಾಗಿನ ಬಳಿಯಲ್ಲೇ 1924ರಿಂದ ನಡೆದುಬಂದಿರುವ ಮಾವಳ್ಳಿ ಟಿಫಿನ್ ರೂಮ್ಸ್ ಉಂಟು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಅಭಾವ ಬಂದಾಗ ರವೆಯಿಂದ ಇಡ್ಲಿ ಮಾಡಿ ನೋಡಿದ್ದರಿಂದಲೇ ರವೆ ಇಡ್ಲಿ ಹುಟ್ಟಿತೆಂದು ಆ ಹೋಟೆಲಿನವರ ಹೇಳಿಕೆ. ಗಾಂಧಿಬಜಾರಿನ ಕಡೆಗೆ ಹೋದರೆ 1943ರಲ್ಲಿ ಪ್ರಾರಂಭವಾದ ವಿದ್ಯಾರ್ಥಿ ಭವನದ ಮಸಾಲೆ ದೋಸೆ. ಇಂಥ ಕಡೆ ರುಚಿಗೆ ಕೊರತೆಯಿಲ್ಲ. ಮಾತಿಗೆ ಮಾತ್ರ ಎಡೆಯಿಲ್ಲ. ಭಾನುವಾರದ ನೂಕುನುಗ್ಗಲಿನಲ್ಲಿ ತಿನ್ನುವವರ ಕುರ್ಚಿಯ ಬೆನ್ನಿಗೆ ಅಂಟಿಕೊಂಡು ಮುಂದಿನ ಸರದಿಯವರು ನಿಂತಿರುವಾಗ, ಮನೆಯ ಸಮಾಚಾರವನ್ನು ಯಾರು ತಾನೆ ಎತ್ತಿಯಾರು? ಕಾಫಿಯ ಲೋಟ ಕೆಳಗಿಡುವುದಕ್ಕೂ ಏಳುವುದಕ್ಕೂ ನಡುವೆ ಉಸಿರಾಡುವಷ್ಟೇ ಹೊತ್ತು.

ಅಲ್ಲಿಂದ ಆಟೋ ಹಿಡಿದು ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯಕ್ಕೆ ಬಂದರು. 1962ರಲ್ಲಿ ನೆಹರೂ ಅವರಿಂದ ಉದ್ಘಾಟನೆಗೊಂಡ ಈ ಮನೆಯಲ್ಲಿ ಯಂತ್ರಗಳನ್ನು ನೋಡುವುದರ ಜೊತೆಗೆ ಗುಂಡಿ ಒತ್ತಿ, ಹಿಡಿ ತಿರುಗಿಸಿ ಪರೀಕ್ಷಿಸುವುದಕ್ಕೂ ಅವಕಾಶವಿದೆ. ಮೊಮ್ಮಗಳನ್ನು ಅಲ್ಲಿಂದ ಹೊರಡಿಸುವಷ್ಟರಲ್ಲಿ ಗಂಟೆ ಒಂದಾಗಿತ್ತು.

ಆಗ ಮಗ ಸ್ವಲ್ಪ ತಡವರಿಸಿ, “ಅಮ್ಮ, ಊಟಕ್ಕೆ ಇಂದಿರಾನಗರಕ್ಕೆ ಹೋಗೋಣ. ಅದು ಬಿಯರು ತಯಾರಿಸುವ ಜಾಗ. ಊಟವೂ ಚೆನ್ನಾಗಿರುತ್ತದೆ. ನೀನು ಬೇಡವೆಂದರೆ ಬೇಡ” ಎಂದ.

ಸೊಸೆ ನೆಲ ನೋಡಿದಳು. ಅಜ್ಜಿಯ ತವರಿನಲ್ಲಿ ಅವರ ತಮ್ಮನ ಕುಡಿತಕ್ಕೆ ಎರಡು ಎಕರೆ ಗದ್ದೆ ಹೋದದ್ದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ, ಯಾರೂ ಆಡದ ಮಾತು. ಅಜ್ಜಿ ಸೀರೆಯ ಸೆರಗನ್ನು ಸರಿಪಡಿಸಿಕೊಂಡು, “ನಡಿ, ನೋಡೋಣ” ಎಂದಷ್ಟೇ ಹೇಳಿದರು. ಕಬ್ಬನ್ ಪಾರ್ಕಿನ ನೆರಳಿನಲ್ಲಿ ನಡೆದು, ಮೆಟ್ರೊ ಏರಿ ಇಂದಿರಾನಗರದಲ್ಲಿ ಇಳಿದರು.

ಬೆಂಗಳೂರಿಗೆ ಬಿಯರು ಹೊಸದೇನೂ ಅಲ್ಲ. ದಂಡಿನ ಸೋಲ್ಜರುಗಳ ಕಾಲದಿಂದಲೂ ಅದು ಇಲ್ಲಿ ಇದ್ದದ್ದೇ. ದಕ್ಷಿಣ ಭಾರತದ ಐದು ಬಿಯರು ಕಾರ್ಖಾನೆಗಳನ್ನು ಕೂಡಿಸಿ ಥಾಮಸ್ ಲೀಷ್ಮನ್ ಎಂಬಾತ ಯುನೈಟೆಡ್ ಬ್ರೂವರೀಸ್ ಸ್ಥಾಪಿಸಿದ್ದು 1915ರಲ್ಲಿ. ಆದರೆ ಗಿರಾಕಿಯ ಕಣ್ಣೆದುರಿಗೇ ತಯಾರಿಸಿ ಅಲ್ಲಿಯೇ ಬಡಿಸುವ ಸಣ್ಣ ಬಿಯರು ಮನೆಗಳು ಇಲ್ಲಿ ತಲೆಯೆತ್ತಿದ್ದು 2010ರಿಂದ ಈಚೆಗೆ. ಇಂದಿರಾನಗರದ ನೂರು ಅಡಿ ರಸ್ತೆಯ ಟಾಯ್ಟ್ ಆ ಕಾಲದ್ದು. ವೈಟ್‌ಫೀಲ್ಡಿನ ವಿಂಡ್‌ಮಿಲ್ಸ್‌ನಲ್ಲಿ ಪುಸ್ತಕಗಳ ಕಪಾಟುಗಳೂ ಸಂಗೀತಕ್ಕೊಂದು ವೇದಿಕೆಯೂ ಉಂಟು. ಕತ್ತಲೆಯ ಕೋಣೆಯಲ್ಲಿ ಕುಡಿದೇಳುವ ಹಳೆಯ ಬಾರುಗಳಂತಲ್ಲದೆ ಇವುಗಳಿಗೆ ಬೆಳಕೂ ಗಾಳಿಯೂ ಧಾರಾಳ. ಹಗಲು ಹೊತ್ತು ಸಂಸಾರಸಮೇತ ಬರುವವರೂ ಇದ್ದಾರೆ. ಆದರೂ ಮಕ್ಕಳನ್ನು ಬಿಡುವ ವಿಷಯದಲ್ಲಿ ಒಂದೊಂದು ಮನೆಯ ಕಟ್ಟಳೆ ಒಂದೊಂದು ಬಗೆ. ಮೊದಲೇ ಫೋನು ಮಾಡಿ ವಿಚಾರಿಸಿಕೊಂಡು ಹೊರಡುವುದು ಲೇಸು.

ಇವರು ಹೋದ ಕಡೆ ಗಾಜಿನ ಗೋಡೆಯ ಆಚೆ ಆಳೆತ್ತರದ ಉಕ್ಕಿನ ಕೊಳಗಗಳು ಹೊಳೆಯುತ್ತಿದ್ದುವು. “ಅದರಲ್ಲಿ ಏನು ಹಾಕುತ್ತಾರೆ?” ಎಂದು ಮೊಮ್ಮಗಳು ಕೇಳಿದಳು. ಅಲ್ಲಿದ್ದ ಹುಡುಗನೊಬ್ಬ ವಿವರಿಸಿದ: ಜವೆಗೋಧಿಯನ್ನು ನೆನೆಹಾಕಿ, ಮೊಳಕೆ ಬರಿಸಿ, ಒಣಗಿಸುತ್ತಾರೆ. ಅದನ್ನು ಒಡೆದು ಬಿಸಿನೀರಿನಲ್ಲಿ ಕಲಸಿದರೆ ಕಾಳಿನ ಪಿಷ್ಟವೆಲ್ಲ ಸಕ್ಕರೆಯಾಗುತ್ತದೆ. ಆ ಸಿಹಿ ರಸವನ್ನು ಸೋಸಿ, ಹಾಪ್ಸ್ ಎಂಬ ಬಳ್ಳಿಯ ಹೂವನ್ನು ಹಾಕಿ ಕುದಿಸಿ, ಆರಿಸಿ, ಯೀಸ್ಟು ಬೆರೆಸುತ್ತಾರೆ. ಕೆಲವು ದಿನಗಳಲ್ಲಿ ಅದು ಹುಳಿತು ಬಿಯರಾಗುತ್ತದೆ. ಹದವಾಗುವುದಕ್ಕೆ ಮತ್ತಷ್ಟು ದಿನ ತಣ್ಣಗಿಡಬೇಕು.

ಅಜ್ಜಿ ಗಮನವಿಟ್ಟು ಕೇಳುತ್ತಿದ್ದವರು, “ಇದು ಮಗುವಿಗೆ ರಾಗಿ ಸರಿ ಮಾಡುವ ಕ್ರಮವೇ ಅಲ್ಲವೇನೊ? ನೆನೆಸುವುದು, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸುವುದು, ಒಣಗಿಸಿ ಬೀಸುವುದು!” ಎಂದರು. ಅವರ ಮಾತು ಸುಳ್ಳಲ್ಲ. ಮೊಳೆತ ಕಾಳು ತನ್ನ ಪಿಷ್ಟವನ್ನು ತಾನೇ ಸಿಹಿಯಾಗಿಸಿಕೊಳ್ಳುವ ಗುಣವನ್ನೇ ತಾಯಿ ಕೂಸಿಗಾಗಿ ಬಳಸುತ್ತಾಳೆ, ಬಿಯರು ಮಾಡುವವನು ತನ್ನ ಕಸುಬಿಗಾಗಿ ಬಳಸುತ್ತಾನೆ. ದಾರಿ ಬೇರೆಯಾಗುವುದು ಯೀಸ್ಟು ಬಿದ್ದ ಮೇಲೆ.

ಊಟ ಬಂತು. ಮಗುವಿಗೆ ಹಣ್ಣಿನ ರಸ, ಅಜ್ಜಿಗೆ ನಿಂಬೆಹಣ್ಣಿನ ಪಾನಕ, ಮಗನಿಗೆ ಒಂದು ಲೋಟ ಗೋಧಿಯ ಬಿಯರು. ಅಜ್ಜಿ ಕೈಚೀಲದಿಂದ ಕೋಡುಬಳೆಯ ಡಬ್ಬಿ ತೆಗೆಯಹೋದರೆ, ಹೊರಗಿನ ತಿಂಡಿಗೆ ಅಪ್ಪಣೆಯಿಲ್ಲವೆಂದು ಮಾಣಿ ವಿನಯದಿಂದ ತಿಳಿಸಿದ.

ಈ ಒಂದು ವಿಷಯದಲ್ಲಿ ಜರ್ಮನಿಯ ಮ್ಯೂನಿಕ್ ನಗರದವರು ನಮ್ಮ ಅಜ್ಜಿಯ ಪಕ್ಷ. ಅಲ್ಲಿ ಬಿಯರು ತಯಾರಿಸುವವರು ನೆಲಮಾಳಿಗೆಗಳು ತಂಪಾಗಿರಲೆಂದು ಮೇಲೆ ಚೆಸ್ಟ್‌ನಟ್ ಮರಗಳನ್ನು ಬೆಳೆಸಿ, ಆ ನೆರಳಿನಲ್ಲಿ ಮಾರಾಟಕ್ಕೆ ತೊಡಗಿದರು. ತಮ್ಮ ಗಿರಾಕಿಗಳು ಕೈತಪ್ಪಿದರೆಂದು ಊರಿನ ಹೋಟೆಲಿನವರು ದೂರಿತ್ತಾಗ ದೊರೆ ಒಂದನೆಯ ಮ್ಯಾಕ್ಸಿಮಿಲಿಯನ್ ಜೋಸೆಫ್ 1812ರಲ್ಲಿ ತೀರ್ಪು ಕೊಟ್ಟ: ಬಿಯರು ಮಾರಬಹುದು, ರೊಟ್ಟಿಯ ಹೊರತು ಬೇರೆ ಊಟ ಮಾರಕೂಡದು. ಜನ ಮನೆಯಿಂದಲೇ ಬುತ್ತಿ ತಂದರು. ಈಗ ಅಲ್ಲಿ ಊಟ ಮಾರುವುದುಂಟು. ಆದರೂ ಬುತ್ತಿ ತರುವ ಹಕ್ಕು ಹೋಗಿಲ್ಲ. ಅಲ್ಲಿನ ಇಂಗ್ಲಿಷ್ ಗಾರ್ಡನ್ ಎಂಬ ಉದ್ಯಾನದಲ್ಲಿ ಚೀನೀ ಗೋಪುರದ ಸುತ್ತ ಸುಮಾರು 7,000 ಮಂದಿಗೆ ಆಸನಗಳಿವೆ. ಮಕ್ಕಳು ಆಡುತ್ತಾರೆ, ಮುದುಕರು ಹರಟುತ್ತಾರೆ, ಕುಡಿಯುವವನು ಎಲ್ಲರ ಕಣ್ಣೆದುರಿಗೆ ಕುಡಿಯುತ್ತಾನೆ.

ಎಲ್ಲರ ಕಣ್ಣೆದುರಿಗೆ ಎಂಬುದು ಸಣ್ಣ ಮಾತೇನೂ ಅಲ್ಲ. ಊಟದ ನಡುವೆ ಅಜ್ಜಿ ಮೆಲ್ಲಗೆ, “ಎಷ್ಟು ವರ್ಷದಿಂದ?” ಎಂದು ಕೇಳಿದರು.

“ಹತ್ತು ವರ್ಷವಾಯಿತಮ್ಮ. ತಿಂಗಳಿಗೊಮ್ಮೆಯೋ ಎರಡು ಸಲವೋ.”

“ರಾತ್ರಿ ಏಲಕ್ಕಿ ಅಗಿಯುತ್ತ ಬಂದಾಗಲೇ ನನಗೆ ತಿಳಿದಿತ್ತು. ನಿಮ್ಮ ಮಾವನೂ ಕೊಟ್ಟಿಗೆಯ ಹಿಂದೆಯೇ ಕುಡಿಯುತ್ತಿದ್ದದ್ದು. ಯಾರೂ ನೋಡಲಿಲ್ಲ, ಆದ್ದರಿಂದ ಯಾರೂ ಲೆಕ್ಕವಿಡಲಿಲ್ಲ. ಗದ್ದೆ ಹೋದ ಮೇಲೆ ಲೆಕ್ಕ ಸಿಕ್ಕಿತು.”

ಮಗನ ಲೋಟದಲ್ಲಿ ಇನ್ನೂ ಅರ್ಧ ಉಳಿದಿತ್ತು. ಅವನು ಅದನ್ನು ಮುಗಿಸಿದ, ಎರಡನೆಯದನ್ನು ತರಿಸಲಿಲ್ಲ.

ಬಿಯರು ಮನೆ ಸಂಸಾರಕ್ಕೆ ತಕ್ಕ ಜಾಗವೆ ಎಂಬ ಪ್ರಶ್ನೆಗೆ ಉತ್ತರ ಅಲ್ಲಿನ ಕುರ್ಚಿ ಮೇಜುಗಳಲ್ಲಿಲ್ಲ, ಹೋಗುವವರ ನಡತೆಯಲ್ಲಿದೆ. ಹಗಲು ಹೊತ್ತಿನಲ್ಲಿ ಹೋಗಿ ಊಟಕ್ಕೆ ಮೊದಲ ಸ್ಥಾನ ಕೊಡುವವರಿಗೆ, ಕುಡಿದು ವಾಹನ ನಡೆಸದವರಿಗೆ, ಮನೆಯ ಹಿರಿಯರ ಒಪ್ಪಿಗೆಯನ್ನು ನಿಜವಾಗಿಯೂ ಕೇಳುವವರಿಗೆ ಅದು ತಕ್ಕೀತು. ಮಗುವನ್ನು ಮೂಲೆಯಲ್ಲಿ ಫೋನಿನೊಡನೆ ಕೂರಿಸಿ ತಾವು ಲೋಟದ ಮೇಲೆ ಲೋಟ ಬರಿದು ಮಾಡುವವರಿಗೆ ಲಾಲ್‌ಬಾಗೂ ತಕ್ಕ ಜಾಗವಲ್ಲ. ಕುಡಿತದಿಂದ ನೊಂದ ಮನೆಯವರು ಬೇಡವೆಂದರೆ ಅದಕ್ಕೆ ಕಾರಣ ಕೇಳಬೇಕಾದ್ದೂ ಇಲ್ಲ. ಊರಿನಲ್ಲಿ ದೋಸೆಗೆ ಬರವಿಲ್ಲವಷ್ಟೆ.

ಸಂಜೆ ಮೆಜೆಸ್ಟಿಕ್ಕಿನಲ್ಲಿ ಗಾಡಿ ಬದಲಾಯಿಸಿ ನ್ಯಾಷನಲ್ ಕಾಲೇಜಿನ ನಿಲ್ದಾಣದ ಕಡೆಗೆ ಹೊರಟಾಗ ಮೊಮ್ಮಗಳು ಅಜ್ಜಿಯ ತೊಡೆಯ ಮೇಲೆ ನಿದ್ದೆಹೋಗಿದ್ದಳು. “ಅತ್ತೆ, ನಿಮಗೆ ಬೇಸರವಾಗಲಿಲ್ಲವಷ್ಟೆ?” ಎಂದು ಸೊಸೆ ಕೇಳಿದಳು.

“ಬೇಸರವೇನು?” ಎಂದು ಅಜ್ಜಿ ಕೋಡುಬಳೆಯ ಡಬ್ಬಿಯನ್ನು ಅವಳ ಕೈಗಿತ್ತರು. “ಈಚಲ ಮರದ ಕೆಳಗೆ ಕೂತದ್ದೂ ಆಯಿತು. ಮಜ್ಜಿಗೆಯೇ ಸಿಕ್ಕಲಿಲ್ಲ, ನೋಡು!”