ಐವತ್ತು ಪುಸ್ತಕಗಳ ಸಂಕಲ್ಪ, ನಾಲ್ಕು ಪುಟಗಳ ನಿಷ್ಠೆ

ಕೆಲವು ವರ್ಷಗಳ ಹಿಂದೆ ಜನವರಿಯ ಮೊದಲ ದಿನ ನಾವೊಂದು ಸಂಕಲ್ಪ ಮಾಡಿದ್ದೆವು. ಆ ವರ್ಷ 50 ಪುಸ್ತಕಗಳನ್ನು ಓದಿ ಮುಗಿಸಬೇಕೆಂದು ದಿನಚರಿಯ ಮೊದಲ ಪುಟದಲ್ಲಿ ದಪ್ಪಕ್ಷರಗಳಲ್ಲಿ ಬರೆದಿಟ್ಟೆವು. ಫೆಬ್ರವರಿಯ ಹೊತ್ತಿಗೆ ಲೆಕ್ಕ ಹಿಂದೆ ಬಿದ್ದಿತು. ಆಗ ನಾವು ಮಾಡಿದ್ದನ್ನು ಒಪ್ಪಿಕೊಳ್ಳಲು ಇಂದಿಗೂ ಸಂಕೋಚವಾಗುತ್ತದೆ. ದೊಡ್ಡ ಗ್ರಂಥಗಳನ್ನು ಬದಿಗೆ ಸರಿಸಿ, ಅರವತ್ತು ಎಪ್ಪತ್ತು ಪುಟಗಳ ಕಿರುಹೊತ್ತಗೆಗಳನ್ನು ಹುಡುಕತೊಡಗಿದೆವು. ಓದಿದ್ದೇನು ಎಂಬುದಕ್ಕಿಂತ ಮುಗಿಸಿದ್ದೆಷ್ಟು ಎಂಬುದೇ ಮುಖ್ಯವಾಯಿತು. ಮಾರ್ಚ್‌ನಲ್ಲಿ ದಿನಚರಿಯೂ ಮುಚ್ಚಿತು, ಓದೂ ನಿಂತಿತು.

ಅದೇ ವರ್ಷದ ರಮಝಾನಿನಲ್ಲಿ, ಅದೇ ಮನೆಯಲ್ಲಿ, ನಾಲ್ಕನೆಯ ತರಗತಿಗಿಂತ ಮುಂದೆ ಓದದ ನಮ್ಮ ತಾಯಿ ಪವಿತ್ರ ಕುರ್‌ಆನನ್ನು ಆದಿಯಿಂದ ಅಂತ್ಯದವರೆಗೆ ಓದಿ ಮುಗಿಸಿದರು. ಅವರ ಬಳಿ ದಿನಚರಿ ಇರಲಿಲ್ಲ, ಪಟ್ಟಿಯೂ ಇರಲಿಲ್ಲ. ಇದ್ದುದು ಒಂದು ಸರಳ ಲೆಕ್ಕ ಮಾತ್ರ. ಸಾಮಾನ್ಯವಾಗಿ ಬಳಕೆಯಲ್ಲಿರುವ 604 ಪುಟಗಳ ಪ್ರತಿಯಲ್ಲಿ 30 ಜುಝುಗಳಿವೆ. ಒಂದೊಂದಕ್ಕೆ ಸುಮಾರು 20 ಪುಟಗಳು. ಐದು ಹೊತ್ತಿನ ನಮಾಝಿನ ಬಳಿಕ ನಾಲ್ಕು ನಾಲ್ಕು ಪುಟ ಓದಿದರೆ ದಿನಕ್ಕೊಂದು ಜುಝು, ತಿಂಗಳಿಗೊಂದು ಖತಮ್. ಈ ಲೆಕ್ಕವನ್ನು ಅವರಿಗೆ ಯಾವ ತರಬೇತುದಾರನೂ ಕಲಿಸಿದ್ದಲ್ಲ. ನಮ್ಮ ಸಾವಿರಾರು ಮನೆಗಳಿಗೆ ಅದು ಪರಂಪರೆಯಿಂದ ಬಂದ ಸಂಪತ್ತು.

ಪದವೀಧರನಾದ ಮಗ ಸೋತಲ್ಲಿ ತಾಯಿ ಗೆದ್ದದ್ದೇಕೆ? ಅವರು ದೊಡ್ಡ ಗುರಿಯನ್ನು ಸಣ್ಣ ಪಾಲುಗಳಾಗಿ ಹಂಚಿಕೊಂಡಿದ್ದರು. ಆ ಪಾಲನ್ನು ಹೇಗೂ ತಪ್ಪದೆ ಬರುವ ಒಂದು ಹೊತ್ತಿಗೆ ಕಟ್ಟಿಹಾಕಿದ್ದರು. 'ಸಮಯ ಸಿಕ್ಕಾಗ ಓದುತ್ತೇನೆ' ಎಂಬ ಮಾತಿಗೆ ಅಲ್ಲಿ ಎಡೆಯೇ ಇರಲಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಇಡೀ ಮನೆ ಆ ತಿಂಗಳು ಅವರ ಓದನ್ನು ಗೌರವಿಸಿತು. ಗ್ರಂಥ ತೆರೆದು ಕುಳಿತವರನ್ನು ಚಹಾಕ್ಕಾಗಿ ಯಾರೂ ಎಬ್ಬಿಸಲಿಲ್ಲ. ಸ್ವಲ್ಪವೇ ಆದರೂ ನಿರಂತರವಾಗಿ ಮಾಡುವ ಕರ್ಮವೇ ಅಲ್ಲಾಹನಿಗೆ ಅತ್ಯಂತ ಪ್ರಿಯವೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಆ ಪಾಠ ನಮಗೆ ಬಾಯಿಪಾಠವಾಗಿತ್ತು, ತಾಯಿಗೆ ರೂಢಿಯಾಗಿತ್ತು.

ಒಂದು ತಿಂಗಳು ಸಾಧ್ಯವಾದ ಶಿಸ್ತು ಉಳಿದ ಹನ್ನೊಂದು ತಿಂಗಳು ಏಕೆ ಅಸಾಧ್ಯ? ಕುರ್‌ಆನಿನ ಸ್ಥಾನ ಬೇರೆ, ಇತರ ಪುಸ್ತಕಗಳ ಸ್ಥಾನ ಬೇರೆ ಎಂಬುದನ್ನು ನಾವು ಬಲ್ಲೆವು. ಆದರೆ ಓದುವ ಕಣ್ಣು, ಕುಳಿತುಕೊಳ್ಳುವ ತಾಳ್ಮೆ ಒಂದೇ. ದಿನಕ್ಕೆ 10 ಪುಟ ಓದಿದರೆ ವರ್ಷಕ್ಕೆ 3,650 ಪುಟಗಳಾದವು. 250 ಪುಟಗಳ 14 ಪುಸ್ತಕಗಳು. ಇದು 50 ಅಲ್ಲ, ನಿಜ. ಆದರೆ ಶಾಲಾ ಪಠ್ಯವನ್ನು ಬಿಟ್ಟರೆ ಒಂದೂ ಪುಸ್ತಕ ಪ್ರವೇಶಿಸದ ಮನೆಗೆ ಇದು ಸಣ್ಣ ಸಂಖ್ಯೆಯಲ್ಲ. ಒಂದು ದಿನ ತಪ್ಪಿದರೆ ಆ ಪುಟಗಳನ್ನು ಮರುದಿನದ ತಲೆಗೆ ಹೊರಿಸಬಾರದು. ಸಾಲ ಬೆಳೆದಂತೆ ಸಾಲಗಾರ ಮುಖ ಮರೆಸಿಕೊಳ್ಳುತ್ತಾನೆ, ಓದುಗನೂ ಹಾಗೆಯೇ. ಅಂದಿನ ಪಾಲನ್ನು ಅಂದು ಓದಿದರೆ ಸಾಕು.

ಸಂಖ್ಯೆಯೇ ಗುರಿಯಾಗಬಾರದು ಎಂಬುದಕ್ಕೆ ಇಬ್ನು ಸೀನಾರ ಆತ್ಮಕಥನ ಸಾಕ್ಷಿ. ಅರಿಸ್ಟಾಟಲನ ತತ್ವಮೀಮಾಂಸೆಯ ಗ್ರಂಥವನ್ನು ಅವರು 40 ಬಾರಿ ಓದಿ ಕಂಠಪಾಠ ಮಾಡಿಕೊಂಡರೂ ಅದರ ಆಶಯ ಹೊಳೆಯಲಿಲ್ಲ. ಕೊನೆಗೆ ಪುಸ್ತಕದಂಗಡಿಗಳ ಬೀದಿಯಲ್ಲಿ ಮೂರು ದಿರ್ಹಮಿಗೆ ದೊರೆತ ಫಾರಾಬಿಯವರ ಒಂದು ಕೃತಿ ಅದರ ಬಾಗಿಲು ತೆರೆಯಿತು. ನಮ್ಮ ದಿನಚರಿಯ ಲೆಕ್ಕದಲ್ಲಿ ಈ 40 ಬಾರಿಯ ಶ್ರಮಕ್ಕೆ ಸಿಗುವ ಅಂಕ ಕೇವಲ ಒಂದು!

ಇಷ್ಟಕ್ಕೂ ಇದು ಹವ್ಯಾಸದ ಪ್ರಶ್ನೆಯಲ್ಲ. ಎಸ್ಸೆಸ್ಸೆಲ್ಸಿ, ಪಿಯುಸಿಗಳಲ್ಲಿ ಉತ್ತಮ ಅಂಕ ಗಳಿಸಿದ ನಮ್ಮ ಎಷ್ಟೋ ಹೆಣ್ಣುಮಕ್ಕಳು ಮದುವೆಯ ಬಳಿಕ ಒಂದೇ ಒಂದು ಪುಸ್ತಕವನ್ನೂ ತೆರೆಯದೆ ಬಾಳುತ್ತಿದ್ದಾರೆ. ಅವರಿಗೆ ಆಸಕ್ತಿ ಇಲ್ಲವೆಂದಲ್ಲ. ಸೊಸೆ ಪುಸ್ತಕ ಹಿಡಿದರೆ 'ಬೇರೆ ಕೆಲಸವಿಲ್ಲವೇ?' ಎನ್ನುವ ಮನೆಗಳು ಇನ್ನೂ ಇವೆ. ಅದೇ ಮನೆಯಲ್ಲಿ ಗಂಡಸು ಎರಡು ತಾಸು ಮೊಬೈಲು ನೋಡಿದರೆ ಅದು ವಿಶ್ರಾಂತಿ ಎನಿಸಿಕೊಳ್ಳುತ್ತದೆ. ಓದಬೇಕೆಂಬ ಪ್ರಥಮ ಆದೇಶವನ್ನು ವೇದಿಕೆಗಳಲ್ಲಿ ನೆನಪಿಸುವ ನಾವು, ಮನೆಯ ಹೆಣ್ಣಿಗೆ ಅದನ್ನು ಪಾಲಿಸಲು ಅರ್ಧ ತಾಸು ಬಿಟ್ಟುಕೊಡಲಾರೆವೇ? 2025ರಲ್ಲಿ ಬಾನು ಮುಷ್ತಾಕ್‌ರ ಕಥೆಗಳ ಇಂಗ್ಲಿಷ್ ಅನುವಾದ 'ಹಾರ್ಟ್ ಲ್ಯಾಂಪ್'ಗೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ಅಭಿನಂದನೆಯ ಸಂದೇಶಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡಿದವು. ಹಂಚಿದವರಲ್ಲಿ ಆ ಕಥೆಗಳನ್ನು ಓದಿದವರೆಷ್ಟು ಮಂದಿ? ಆ ಸಂಕಲನದಲ್ಲಿರುವುದು 12 ಕಥೆಗಳು. ತಿಂಗಳಿಗೊಂದು ಓದಿ, ಒಪ್ಪಿದ್ದನ್ನೂ ಒಪ್ಪದ್ದನ್ನೂ ಮನೆಯವರು ಕುಳಿತು ಚರ್ಚಿಸಿದರೆ ಅದೇ ಒಂದು ವರ್ಷದ ಗುರಿಯಾದೀತು.

ಪುಸ್ತಕ ಕೊಳ್ಳಲು ಹಣವೆಲ್ಲಿ ಎಂಬ ಮಾತಿಗೂ ಉತ್ತರವಿದೆ. ನಮ್ಮ ರಾಜ್ಯದಲ್ಲಿ 1965ರಿಂದಲೇ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿದೆ. ಪಟ್ಟಣಗಳಲ್ಲಿ ಕಟ್ಟುವ ಆಸ್ತಿ ತೆರಿಗೆಯೊಂದಿಗೆ ಶೇ. 6ರಷ್ಟು ಗ್ರಂಥಾಲಯ ಕರವನ್ನೂ ನಾವು ಸಲ್ಲಿಸುತ್ತಿದ್ದೇವೆ. ಕರ ಕಟ್ಟಿ ಪುಸ್ತಕ ತಾರದಿರುವುದೆಂದರೆ ಬೆಲೆ ಕೊಟ್ಟ ಸಾಮಾನನ್ನು ಅಂಗಡಿಯಲ್ಲೇ ಬಿಟ್ಟು ಬಂದಂತೆ. ಈ ವಾರವೇ ಮಕ್ಕಳ ಕೈಹಿಡಿದು ಊರಿನ ಗ್ರಂಥಾಲಯಕ್ಕೆ ಹೋಗಿ ಸದಸ್ಯರಾಗೋಣ.

ಆ ರಮಝಾನ್ ಮುಗಿದ ಮೇಲೆ ನಾವು ತಾಯಿಯ ಬಳಿ ಒಂದು ಕನ್ನಡ ಪುಸ್ತಕವನ್ನಿಟ್ಟೆವು. ಅಸ್ರ್ ನಮಾಝಿನ ಬಳಿಕ ಅವರು ಸಾಲಿನಡಿ ಬೆರಳಿಟ್ಟು ದಿನಕ್ಕೆ ಎರಡು ಪುಟ ಓದತೊಡಗಿದರು. ನಾವು ಅವರ ಪಕ್ಕದಲ್ಲೇ ಕುಳಿತು ನಮ್ಮ 10 ಪುಟ ಓದುತ್ತೇವೆ. ಕಳೆದ ವರ್ಷ ಎಷ್ಟು ಪುಸ್ತಕ ಮುಗಿಸಿದಿರಿ ಎಂದು ಯಾರಾದರೂ ಕೇಳಿದರೆ ನಮ್ಮಲ್ಲಿ ಈಗ ಸಿದ್ಧ ಉತ್ತರವಿಲ್ಲ. ಆದರೆ ಅಸ್ರ್ ಆದೊಡನೆ ಮನೆಯ ಮಕ್ಕಳು ಯಾರೂ ಹೇಳದೆ ತಮ್ಮ ಪುಸ್ತಕ ಹಿಡಿದು ಬಂದು ಕೂರುತ್ತಾರೆ.