ಬೂಷ್ಟಿಗೆ ಬೂಷ್ಟೇ ಮದ್ದು. ಆದರೆ ಮದ್ದು ಜೀವಂತವಾಗಿರಬೇಕು



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ತೋಟಗಳಲ್ಲಿ ಅಡಿಕೆಯ ಗರಿ ಹಳದಿಯಾಗಿ ಜೋತುಬಿದ್ದರೆ ನಾವು ಮೊದಲು ದೂರುವುದು ಕೊಳವೆಬಾವಿಯನ್ನು. ನೀರು ಸಾಲದೆಂದು ಇನ್ನಷ್ಟು ಹಾಯಿಸುತ್ತೇವೆ. ಆದರೆ ಕಾಂಡದ ಬುಡದಲ್ಲಿ ಕಂದು ರಸ ಒಸರುತ್ತಿದ್ದರೆ ಅದು ಬಾಯಾರಿಕೆಯಲ್ಲ, ಅಣಬೆ ರೋಗ. ಗ್ಯಾನೋಡರ್ಮ ಎಂಬ ಶಿಲೀಂಧ್ರ ಬೇರನ್ನು ಕೊಳೆಸಿರುತ್ತದೆ. ಬುಡದಲ್ಲಿ ಅಣಬೆ ಮೂಡುವ ಹೊತ್ತಿಗೆ ಆ ಮರದ ಆಸೆ ಬಿಟ್ಟಂತೆಯೇ.

ಇದನ್ನು ತಡೆಯಲು ಹೇಳುವ ಟ್ರೈಕೋಡರ್ಮ ಕೂಡ ಒಂದು ಶಿಲೀಂಧ್ರವೇ. ಬೇರೆ ಶಿಲೀಂಧ್ರಗಳ ಮೇಲೆ ಬದುಕುವಂಥದು. 1932ರಲ್ಲೇ ವೈಂಡ್ಲಿಂಗ್ ಎಂಬ ವಿಜ್ಞಾನಿ ಇದರ ಈ ಗುಣವನ್ನು ವಿವರಿಸಿದ್ದರು. ಅದು ವೈರಿಯ ಎಳೆಗೆ ಸುತ್ತಿಕೊಂಡು, ಕಿಣ್ವಗಳಿಂದ ಅದರ ಗೋಡೆಯನ್ನು ಕರಗಿಸುತ್ತದೆ. ಜೊತೆಗೆ ಪೆಪ್ಟೈಬಾಲ್ ಎಂಬ ಜೀವಿರೋಧಕಗಳನ್ನು ಸ್ರವಿಸಿ ಒಳಪೊರೆಗೆ ತೂತು ಕೊರೆಯುತ್ತದೆ. ಜೀವರಸ ಸೋರಿ ವೈರಿ ಸಾಯುತ್ತದೆ. 1967ರಲ್ಲಿ ವರದಿಯಾದ ಅಲಮೆಥಿಸಿನ್ ಇವುಗಳಲ್ಲಿ ಹೆಸರಾದದ್ದು. 20 ಕೊಂಡಿಗಳ ಪುಟ್ಟ ಸರಪಳಿ ಅದು.

ಈ ಅಸ್ತ್ರ ಪೊಟ್ಟಣದೊಳಗೆ ತುಂಬಿಟ್ಟದ್ದಲ್ಲ ಎಂಬುದನ್ನು ನಾವು ತಿಳಿಯಬೇಕು. ಶಿಲೀಂಧ್ರ ಜೀವಂತವಾಗಿದ್ದು ಮಣ್ಣಿನಲ್ಲಿ ಬೆಳೆದಾಗಲೇ ಅದನ್ನು ತಯಾರಿಸುತ್ತದೆ. ಸತ್ತರೆ ಉಳಿಯುವುದು ಬರೀ ಪುಡಿ. ನಿಯಮದಂತೆ ಒಂದು ಗ್ರಾಂ ಪುಡಿಯಲ್ಲಿ ಕನಿಷ್ಠ 20 ಲಕ್ಷ ಜೀವಂತ ಕಣಗಳಿರಬೇಕು. ಕಳೆದ ಬೇಸಿಗೆಯಲ್ಲಿ ನಾನು ಪೊಟ್ಟಣ ಕೊಂಡದ್ದು ತಗಡಿನ ಮಾಡಿನ ಅಂಗಡಿಯೊಂದರಲ್ಲಿ. ಗೊಬ್ಬರಕ್ಕೆ ಬೆರೆಸಿ ಹದಿನೈದು ದಿನ ಕಾದರೂ ಹಸಿರು ಬೂಷ್ಟು ಕಾಣಲಿಲ್ಲ. ನಮ್ಮ ಸೀಮೆಯ ಬಿಸಿಲಿನಲ್ಲಿ ಅದು ಬದುಕೀತು ಹೇಗೆ?

ಆದ್ದರಿಂದ ಸಂಘವು ಇದನ್ನು ಯೂರಿಯಾ ಚೀಲದಂತೆ ಕಾಣದೆ, ಮೊಸರಿನ ಹೆಪ್ಪಿನಂತೆ ಕಾಣಬೇಕೆಂದು ನನ್ನ ಅಭಿಪ್ರಾಯ. ತಂಪಾದ ಕೋಣೆಯಲ್ಲಿಡಲಿ, ಪ್ರತಿ ತಂಡದ ಸರಕಿನ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿ, ಫಲಿತಾಂಶವನ್ನು ಫಲಕದಲ್ಲಿ ಹಾಕಲಿ, ಅವಧಿ ಮೀರಿದ್ದನ್ನು ಮಾರದಿರಲಿ. ಮಲೆನಾಡಿನ ಕಾಫಿ ಬೆಳೆಗಾರ ಸದಸ್ಯರಿಗೂ ಬೇರುರೋಗದ ವಿಷಯದಲ್ಲಿ ಇದರಿಂದ ಉಪಕಾರವಾದೀತು.

ನಮ್ಮ ಪಾಲಿನ ಕೆಲಸವೂ ಇದೆ. ಒಂದು ಕಿಲೋ ಪುಡಿಯನ್ನು 90 ಕಿಲೋ ಕಳಿತ ಕೊಟ್ಟಿಗೆ ಗೊಬ್ಬರ, 10 ಕಿಲೋ ಬೇವಿನ ಹಿಂಡಿಯೊಡನೆ ಬೆರೆಸಿ, ನೆರಳಿನಲ್ಲಿ ಒದ್ದೆ ಗೋಣಿ ಹೊದಿಸಿ, ಹಸಿರು ಬೂಷ್ಟು ಹಬ್ಬಿದ ಮೇಲೆ ಬುಡಕ್ಕೆ ಹಾಕಬೇಕು. ಶಿಲೀಂಧ್ರನಾಶಕ ಔಷಧಿಯನ್ನು ಅದರೊಡನೆ ಸೇರಿಸಕೂಡದು. ರೋಗದ ಮರದ ಸುತ್ತ ಎರಡು ಅಡಿ ಆಳದ ಕಾಲುವೆ ತೋಡಿ ಬೇರಿನ ನಂಟು ಕಡಿಯಬೇಕು. ಸತ್ತ ಮರವನ್ನು ಬೇರುಸಹಿತ ಕಿತ್ತು ಸುಡಬೇಕು.

ಬಿದ್ದ ಮರವನ್ನು ಯಾವ ಬೂಷ್ಟೂ ಎಬ್ಬಿಸದು. ಪಕ್ಕದ ಮರ ಇನ್ನೂ ಹಸಿರಾಗಿದೆ. ನಮ್ಮ ಖರ್ಚು, ನಮ್ಮ ಎಚ್ಚರ ಅದಕ್ಕಿರಲಿ.