ಮನೆತನದ ಗುಟ್ಟು ಮತ್ತು ನಮ್ಮ ಕಾದಂಬರಿ

ಈಚಿನ ಕೆಲವು ವರ್ಷಗಳಿಂದ ಒಂದು ಬಗೆಯ ಕಾದಂಬರಿಗೆ ವಾಚಕರ ಆದರ ವಿಶೇಷವಾಗಿ ದೊರೆಯುತ್ತಿದೆ. ಇಂಗ್ಲಿಷಿನಲ್ಲಂತೂ ಅದರ ಸುಗ್ಗಿಯೇ ನಡೆದಿದೆ. ಕನ್ನಡದಲ್ಲಿಯೂ ಆ ಬೆಳೆ ಕಾಣಿಸತೊಡಗಿದೆ. ಕಥಾನಾಯಕಿ ನಗರದಲ್ಲಿ ನೆಲೆಸಿದ ವಿದ್ಯಾವಂತೆ. ಅವಳ ಮನಸ್ಸಿಗೆ ಹೆಸರಿಲ್ಲದ ಒಂದು ಬೇಸರ. ಅಷ್ಟರಲ್ಲಿ ಹಳ್ಳಿಯಿಂದ ಅಜ್ಜಿ ತೀರಿಕೊಂಡ ಸುದ್ದಿ ಬರುತ್ತದೆ. ಹಳೆಯ ಮನೆ, ಅಟ್ಟದ ಮೇಲೊಂದು ಪೆಟ್ಟಿಗೆ, ಪೆಟ್ಟಿಗೆಯ ತಳದಲ್ಲಿ ಅಜ್ಜಿಯ ದಿನಚರಿ. ಅದನ್ನು ಓದುತ್ತ ಹೋದಂತೆ ಮನೆತನದ ಗುಟ್ಟು ಬಿಚ್ಚಿಕೊಳ್ಳುತ್ತದೆ. ಜೊತೆಗೇ ಊರಿನಲ್ಲಿ ಒಬ್ಬ ಸಜ್ಜನ ತರುಣನ ಪರಿಚಯವೂ ಆಗುತ್ತದೆ. ಕೊನೆಯ ಪ್ರಕರಣದ ಹೊತ್ತಿಗೆ ಗುಟ್ಟು ರಟ್ಟಾಗಿ, ಪ್ರೇಮ ಫಲಿಸಿ, ನಾಯಕಿಗೆ ತಾನು ಯಾರೆಂಬುದೂ ತಿಳಿದುಬಿಡುತ್ತದೆ. ಮೂರು ಕಾರ್ಯಗಳೂ ಒಂದೇ ಮುಹೂರ್ತದಲ್ಲಿ!

ಇಂತಹ ಪುಸ್ತಕಗಳನ್ನು ಓದಿ ಸಂತೋಷಪಡುವವರನ್ನು ಹಳಿಯುವ ಉದ್ದೇಶ ನನಗಿಲ್ಲ. ರೈಲಿನಲ್ಲಿ ಓದುತ್ತ ಕುಳಿತು, ಇಳಿಯಬೇಕಾದ ನಿಲ್ದಾಣವನ್ನು ದಾಟಿ ಹೋದ ಅಪರಾಧ ನನ್ನದೂ ಉಂಟು. ಆದರೆ ಪುಸ್ತಕ ಮುಚ್ಚಿದ ಮೇಲೆ ಒಂದು ಸಂದೇಹ ಕಾಡುತ್ತದೆ. ನಮ್ಮ ಅಜ್ಜಿಯರು ದಿನಚರಿ ಬರೆದವರೇ? ಅವರಲ್ಲಿ ಬಹುಮಂದಿಗೆ ಅಕ್ಷರವೇ ಬರುತ್ತಿರಲಿಲ್ಲ. ಅವರು ಗುಟ್ಟನ್ನು ಇಟ್ಟುಕೊಂಡಿದ್ದ ಜಾಗ ಯಾವುದೆಂಬುದನ್ನು ನಮ್ಮ ಮಾತೇ ಹೇಳುತ್ತದೆ: ‘ಹೊಟ್ಟೆಯಲ್ಲಿ ಹಾಕಿಕೊಂಡಳು’ ಎನ್ನುತ್ತೇವೆ. ಪೆಟ್ಟಿಗೆಯ ಬೀಗವನ್ನು ಮುರಿದು ತೆಗೆಯಬಹುದಾದ ಸುಲಭದ ವಸ್ತು ಅದಲ್ಲ.

ನಾನು ರೋಣ ತಾಲೂಕಿನ ಅಸೂಟಿಯವನು. ಎರೆಭೂಮಿಯ ಊರು, ಜೋಳ, ಕಡಲೆ, ಹತ್ತಿಗಳ ಊರು. ಸುಮಾರು ಹದಿನೈದು ವರ್ಷಗಳ ಹಿಂದೆ ನಮ್ಮ ಮನೆಯಲ್ಲಿ ಪಾಲಿನ ಮಾತು ಎದ್ದಿತು. ನಾಲ್ಕು ಕೂರಿಗೆ ಹೊಲ ಇನ್ನೂ ಮುತ್ತಜ್ಜನ ಹೆಸರಿನಲ್ಲಿಯೇ ಉಳಿದಿತ್ತು. ವಾರಸಾ ಆಗಬೇಕಾದರೆ ವಂಶಾವಳಿ ಬೇಕು. ಹಿಂದೆ ಇಂತಹ ವಂಶಾವಳಿಗಳಲ್ಲಿ ಹೆಣ್ಣುಮಕ್ಕಳ ಹೆಸರನ್ನು ಬರೆಯುವ ಗೋಜಿಗೆ ಯಾರೂ ಹೋಗುತ್ತಿರಲಿಲ್ಲ. 1956ರ ಉತ್ತರಾಧಿಕಾರದ ಕಾಯಿದೆ, 1994ರಲ್ಲಿ ಕರ್ನಾಟಕವೂ 2005ರಲ್ಲಿ ಕೇಂದ್ರವೂ ಅದಕ್ಕೆ ಮಾಡಿದ ತಿದ್ದುಪಡಿ, ಇವುಗಳಿಂದಾಗಿ ಈಗ ಬರೆಯಲೇಬೇಕು. ಪಾಲು ಕೊಡುವ ಮನಸ್ಸಿಲ್ಲದಿದ್ದರೆ ಹಕ್ಕು ಬಿಡುಗಡೆಯ ಪತ್ರಕ್ಕಾದರೂ ಅವರ ಸಹಿ ಬೇಕು. ಮನೆಯಲ್ಲಿ ಅಕ್ಷರವಂತನೆಂದು ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತು. ಮುತ್ತಜ್ಜನ ಕೆಳಗೆ ನಮ್ಮ ಅಜ್ಜ ಮತ್ತು ಅವನ ತಮ್ಮನ ಹೆಸರುಗಳನ್ನು ಬರೆದು ಗೆರೆ ಎಳೆಯುವಷ್ಟರಲ್ಲಿ, ಪಡಸಾಲೆಯ ಕಂಬಕ್ಕೆ ಒರಗಿ ಕುಳಿತಿದ್ದ ಅಜ್ಜಿ, “ಇನ್ನೊಂದು ಹೆಸರು ಉಳದೈತಿ ತಮ್ಮಾ, ಬರಕೋ” ಅಂದಳು.

ಅಜ್ಜನಿಗೆ ಒಬ್ಬ ತಂಗಿ ಇದ್ದಳು. ಬೇರೆ ಜಾತಿಯವನೊಬ್ಬನ ಮೇಲೆ ಮನಸ್ಸು ಇಟ್ಟು, ಒಂದು ರಾತ್ರಿ ಹೊಳೆಆಲೂರಿನ ನಿಲ್ದಾಣಕ್ಕೆ ನಡೆದುಹೋಗಿ, ರೈಲು ಹತ್ತಿದವಳು. (ಹೊಳೆಆಲೂರು ಸಾಹಿತ್ಯದ ವಿದ್ಯಾರ್ಥಿಗಳಿಗೆ ರಂ. ಶ್ರೀ. ಮುಗಳಿಯವರು 1906ರಲ್ಲಿ ಹುಟ್ಟಿದ ಊರು. ನಮ್ಮಂಥ ಹಳ್ಳಿಯ ಹುಡುಗರಿಗೆ ಅದು ರೈಲು ಹಿಡಿಯುವ ಊರು.) ಸೊಲ್ಲಾಪುರದ ಗಿರಣಿಗಳಿಗೆ ನಮ್ಮ ಕಡೆಯ ಜನ ಕೂಲಿ ಹುಡುಕಿಕೊಂಡು ಹೋಗುತ್ತಿದ್ದ ಕಾಲ ಅದು. ಇವರೂ ಅಲ್ಲಿಗೇ ಹೋದರಂತೆ. ನನಗೆ ಆಶ್ಚರ್ಯವಾದದ್ದು ಈ ಸಂಗತಿಯಿಂದಲ್ಲ. ಮರುದಿನ ಊರಿನಲ್ಲಿ ವಿಚಾರಿಸಿದರೆ, ವಯಸ್ಸಾದವರಿಗೆಲ್ಲ ಅದು ಗೊತ್ತಿತ್ತು. ಗೊತ್ತಿಲ್ಲದವರು ಆ ಮನೆಯ ಮಕ್ಕಳು ನಾವು ಮಾತ್ರ.

ನಮ್ಮ ಸಮಾಜದಲ್ಲಿ ಮನೆತನದ ಗುಟ್ಟಿನ ಸ್ವರೂಪವೇ ಇದು. ಅದು ಯಾರಿಗೂ ತಿಳಿಯದ ವಿಷಯವಾಗಿರುವುದಿಲ್ಲ. ಎಲ್ಲರಿಗೂ ತಿಳಿದಿದ್ದು, ಒಬ್ಬರ ಎದುರಿಗೆ ಮಾತ್ರ ಯಾರೂ ಆಡದ ಮಾತಾಗಿರುತ್ತದೆ. ಆದುದರಿಂದ ಗುಟ್ಟೇನು ಎಂಬ ಕುತೂಹಲವನ್ನು ಕೊನೆಯ ಪುಟದವರೆಗೆ ಎಳೆಯುವ ಕಾದಂಬರಿ ನಮ್ಮ ಬದುಕಿನ ಮೇಲ್ಮೈಯನ್ನು ಸವರಿ ಹೋಗುತ್ತದೆ. ಕೇಳಬೇಕಾದ ಪ್ರಶ್ನೆಗಳು ಬೇರೆ. ಆ ಗುಟ್ಟನ್ನು ಇಷ್ಟು ಕಾಲ ಹೊತ್ತವರು ಯಾರು? ಈಗ ಅದನ್ನು ಹೇಳುತ್ತಿರುವವರು ಯಾರು, ಯಾವ ಪ್ರಯೋಜನಕ್ಕಾಗಿ?

ಈ ಪ್ರಶ್ನೆಗಳನ್ನು ನಮಗೆ ಕಲಿಸಿದವರು ಹೊಸಬರಲ್ಲ. ಅಸೂಟಿಯಿಂದ ಗದುಗಿಗೆ ಹೋದವರೆಲ್ಲ ವೀರನಾರಾಯಣನ ಗುಡಿಯಲ್ಲಿ ಕುಮಾರವ್ಯಾಸನ ಕಂಬವನ್ನು ಮುಟ್ಟಿ ಬರುತ್ತಾರೆ. ಆ ಕಂಬಕ್ಕೆ ಒರಗಿ ಕುಳಿತು ಅವನು ಭಾರತವನ್ನು ಬರೆದನೆಂಬ ನಂಬಿಕೆ ನಮ್ಮಲ್ಲಿದೆ. ಕನ್ನಡ ಜನ ಕೇಳಿ ಕಣ್ಣೀರಿಟ್ಟ ಮನೆತನದ ಗುಟ್ಟುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಆ ಕಾವ್ಯದ ಉದ್ಯೋಗಪರ್ವದಲ್ಲಿದೆ. ಸಂಧಿ ಮುರಿದ ಮೇಲೆ ಕೃಷ್ಣನು ಕರ್ಣನನ್ನು ಏಕಾಂತಕ್ಕೆ ಕರೆದು ಅವನ ಹುಟ್ಟನ್ನು ಹೇಳುತ್ತಾನೆ. ಗ್ರೀಕರ ಈಡಿಪಸ್ ತನ್ನ ಜನ್ಮರಹಸ್ಯವನ್ನು ತಾನೇ ಹಟ ಹಿಡಿದು ಅಗೆದು ತೆಗೆಯುತ್ತಾನೆ. ಕರ್ಣ ಅದನ್ನು ಕೇಳಿರಲೇ ಇಲ್ಲ. ಅದನ್ನು ಅವನಿಗೆ ಹೇಳಿದವನಿಗೆ ಒಂದು ರಾಜಕಾರಣವಿತ್ತು. ಅನಂತರ ಬಂದ ಕುಂತಿಗೂ ಉಳಿದ ಐವರು ಮಕ್ಕಳ ಪ್ರಾಣದ ಚಿಂತೆ ಇತ್ತು. ಕರ್ಣನ ಆತ್ಮಶೋಧನೆಯಾದರೂ ಎಂತಹದು? ತಾನು ಸೂರ್ಯನ ಮಗನೆಂದು ತಿಳಿದ ಮೇಲೂ ಅವನು ರಾಧೆಯ ಮಗನಾಗಿಯೇ, ಕೌರವನ ಉಪ್ಪುಂಡವನಾಗಿಯೇ ನಿಲ್ಲುತ್ತಾನೆ. ಹುಟ್ಟು ತಿಳಿದ ಮಾತ್ರಕ್ಕೆ ತಾನು ಯಾರೆಂಬುದು ತಿಳಿಯುವುದಿಲ್ಲವೆಂಬ ಈ ವಿವೇಕ ಇಂದಿನ ಅನೇಕ ಕಾದಂಬರಿಕಾರರಿಗೆ ದಕ್ಕಿಲ್ಲ.

ಕುಮಾರವ್ಯಾಸ ಗದಾಪರ್ವಕ್ಕೇ ಕಾವ್ಯವನ್ನು ನಿಲ್ಲಿಸಿದ. ಮುಂದಿನ ಕಥೆಗೆ ವ್ಯಾಸಭಾರತವನ್ನೇ ನೋಡಬೇಕು. ಯುದ್ಧ ಮುಗಿದು ಸತ್ತವರಿಗೆ ತರ್ಪಣ ಬಿಡುವಾಗ, ಕರ್ಣನಿಗೂ ನೀರು ಬಿಡು, ಅವನು ನಿನ್ನ ಅಣ್ಣ, ಎಂದು ಕುಂತಿ ಬಾಯಿಬಿಡುತ್ತಾಳೆ. ಧರ್ಮರಾಜ ದುಃಖದಿಂದ ಕುದಿದು, ಇನ್ನು ಮುಂದೆ ಹೆಂಗಸರಲ್ಲಿ ಗುಟ್ಟು ನಿಲ್ಲದಿರಲಿ ಎಂದು ಶಪಿಸುತ್ತಾನೆ. ಧರ್ಮರಾಜನ ಶಾಪಗಳಲ್ಲಿ ಇಷ್ಟು ವ್ಯರ್ಥವಾಗಿ ಹೋದದ್ದು ಇನ್ನೊಂದಿರಲಾರದು.

ಆಧುನಿಕ ಕನ್ನಡ ಕಾದಂಬರಿಗೆ ಬರೋಣ. ಎಸ್. ಎಲ್. ಭೈರಪ್ಪನವರ ‘ವಂಶವೃಕ್ಷ’ 1965ರಲ್ಲಿ ಹೊರಬಂದಿತು. ನಂಜನಗೂಡಿನ ಶ್ರೀನಿವಾಸ ಶ್ರೋತ್ರಿಗಳು ಕುಲವನ್ನೇ ಧರ್ಮವೆಂದು ನಂಬಿ ಬಾಳಿದವರು. ಮಗ ಕಪಿಲೆಯ ಪಾಲಾಗುತ್ತಾನೆ. ವಿಧವೆಯಾದ ಸೊಸೆ ಕಾತ್ಯಾಯನಿ ಮೈಸೂರಿಗೆ ಓದಲು ಹೋಗಿ, ಅಲ್ಲಿ ಒಲಿದವನನ್ನು ಮದುವೆಯಾಗುತ್ತಾಳೆ. ಮಗು ಮಾವನ ಮನೆಯಲ್ಲಿಯೇ ಉಳಿಯುತ್ತದೆ. ಮುಪ್ಪಿನಲ್ಲಿ ಶ್ರೋತ್ರಿಗಳಿಗೆ ತಿಳಿಯುತ್ತದೆ: ಯಾವ ವಂಶವನ್ನು ತಾವು ಕಾಯುತ್ತ ಬಂದರೋ ಆ ವಂಶದ ರಕ್ತ ತಮ್ಮಲ್ಲಿ ಇಲ್ಲ, ಆಸ್ತಿ ದಾಯಾದಿಗೆ ಹೋಗಬಾರದೆಂದು ಹಿರಿಯರು ಬೇರೊಬ್ಬನಿಂದ ಮಾಡಿಸಿಕೊಂಡ ಸಂತಾನ ತಾವು. ಈ ಕಾದಂಬರಿಯ ಶಕ್ತಿ ಇರುವುದು ಗುಟ್ಟನ್ನು ಹೊಲಮನೆಗಳಿಗೆ ಗಂಟು ಹಾಕಿದ್ದರಲ್ಲಿ. ಪ್ರೇಮದ ಕಳ್ಳತನದಿಂದ ಹುಟ್ಟಿದ ಗುಟ್ಟು ಅದಲ್ಲ, ಲೆಕ್ಕಾಚಾರದಿಂದ ಹುಟ್ಟಿದ ಗುಟ್ಟು. ಉತಾರದಲ್ಲಿ ಹೆಸರು ತಪ್ಪಬಾರದೆಂಬ ಹಟ ಎಂತೆಂತಹ ಕಾರ್ಯಗಳನ್ನು ಮಾಡಿಸುತ್ತದೆಂಬುದು ಒಕ್ಕಲುತನದ ಮನೆಯಲ್ಲಿ ಹುಟ್ಟಿದ ಯಾರಿಗೂ ಹೊಸದಾಗಿ ಹೇಳಬೇಕಾಗಿಲ್ಲ.

ಆದರೂ ಒಂದು ಆಕ್ಷೇಪವನ್ನು ಹೇಳಲೇಬೇಕು. ನಿಜ ತಿಳಿದ ಶ್ರೋತ್ರಿಗಳು ಆಸ್ತಿಯನ್ನು ತೊರೆದು ಹೊರಡುತ್ತಾರೆ. ಅವರ ಆತ್ಮದರ್ಶನಕ್ಕೆ ಒಂದು ಗಾಂಭೀರ್ಯವಿದೆ, ವಾಚಕನ ಗೌರವವಿದೆ. ಕಾತ್ಯಾಯನಿ ತನ್ನನ್ನು ತಾನು ಕಂಡುಕೊಳ್ಳಲು ಇಟ್ಟ ಒಂದೇ ಒಂದು ಹೆಜ್ಜೆಗೆ ತೆತ್ತ ಬೆಲೆಯೋ? ಹೆತ್ತ ಮಗನೇ ಅವಳನ್ನು ಒಲ್ಲೆನೆನ್ನುತ್ತಾನೆ; ಗರ್ಭಗಳು ನಿಲ್ಲುವುದಿಲ್ಲ; ಕೊನೆಗೆ ಪ್ರಾಣವೂ ಹೋಗುತ್ತದೆ. ಇನ್ನು ಆ ಲೆಕ್ಕಾಚಾರಕ್ಕೆ ತನ್ನ ದೇಹವನ್ನೇ ಒಪ್ಪಿಸಬೇಕಾಗಿ ಬಂದ ಶ್ರೋತ್ರಿಗಳ ತಾಯಿ! ಅವಳ ಕಥೆ ನಮಗೆ ತಿಳಿಯುವುದು ಅವಳು ಸತ್ತು ಎಷ್ಟೋ ಕಾಲವಾದ ಮೇಲೆ, ಬೇರೆಯವರ ಬಾಯಿಂದ. ಆ ಗುಟ್ಟನ್ನು ಹೊತ್ತುಕೊಂಡು, ಮಗನ ಉಪನಯನದಲ್ಲಿ ಹಸೆಮಣೆಯ ಮೇಲೆ ಕುಳಿತಿದ್ದಾಗ ಅವಳ ಮನಸ್ಸಿನಲ್ಲಿ ಏನಿತ್ತು? ನನ್ನ ದೃಷ್ಟಿಯಲ್ಲಿ ಕಾದಂಬರಿ ಇದ್ದುದು ಅಲ್ಲಿ.

ಈ ಕೃತಿಯನ್ನು ಬಿ. ವಿ. ಕಾರಂತ ಮತ್ತು ಗಿರೀಶ ಕಾರ್ನಾಡರು ಚಲನಚಿತ್ರವಾಗಿಸಿದರು. ಅದು 1972ರಲ್ಲಿ ತೆರೆಕಂಡಿತು. ಮರುವರ್ಷ, ಎಂದರೆ 1973ರಲ್ಲಿ, ಧಾರವಾಡದ ಮನೆಯಲ್ಲಿ ಊಟಕ್ಕೆ ಕುಳಿತಿದ್ದಾಗ, ಮಗನ ಕೀರ್ತಿಯನ್ನು ನೋಡಿ ಹಿಗ್ಗುತ್ತಿದ್ದ ತಾಯಿ, ಇವನು ಬೇಡವೆಂದು ನಾವು ಅಂದುಕೊಂಡಿದ್ದೆವು, ಎಂದು ಸಹಜವಾಗಿ ಅಂದುಬಿಟ್ಟರಂತೆ. ಆಗಲೇ ಮಕ್ಕಳಿದ್ದುದರಿಂದ ಗರ್ಭ ತೆಗೆಸಲು ಪುಣೆಯ ವೈದ್ಯೆಯ ಬಳಿಗೆ ಹೋಗಿದ್ದರು. ಆ ದಿನ ವೈದ್ಯೆ ಬರುವುದು ತಡವಾಯಿತು. ಕಾದು ಕಾದು ಹಿಂದಿರುಗಿದರು. ಕಾರ್ನಾಡರು 2011ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆಯಿಂದ ಹೊರಬಂದ ‘ಆಡಾಡತ ಆಯುಷ್ಯ’ದ ಮೊದಲಲ್ಲಿಯೇ ಇದನ್ನು ಹೇಳಿ, ಪುಸ್ತಕವನ್ನು ಆ ವೈದ್ಯೆಗೇ ಅರ್ಪಿಸಿದ್ದಾರೆ. ತಾಯಿ ಕೃಷ್ಣಾಬಾಯಿಯವರು ಎಳೆಯ ವಯಸ್ಸಿನಲ್ಲಿಯೇ ವಿಧವೆಯಾಗಿ, ಒಂದು ಮಗುವನ್ನು ಕಟ್ಟಿಕೊಂಡು ದಾದಿಯ ಕೆಲಸ ಮಾಡುತ್ತಿದ್ದವರು. ವೈದ್ಯರಾಗಿದ್ದ ರಘುನಾಥ ಕಾರ್ನಾಡರನ್ನು ಮದುವೆಯಾಗುವುದಕ್ಕೆ ಸಮಾಜದ ಅಂಜಿಕೆಯಿಂದ ವರ್ಷಗಟ್ಟಲೆ ಕಾಯಬೇಕಾಯಿತು. ಇದನ್ನೂ ಮಗ ಮುಚ್ಚಿಡದೆ ಬರೆದಿದ್ದಾರೆ.

ಕನ್ನಡದ ಆತ್ಮಕಥೆಗಳಲ್ಲಿ ಇಷ್ಟು ನಿರ್ಭಯವಾದವು ವಿರಳ. ಈ ಪ್ರಸಂಗವನ್ನು ತರಗತಿಯಲ್ಲಿ ಹೇಳಿದಾಗಲೆಲ್ಲ ವಿದ್ಯಾರ್ಥಿಗಳು ಬೆರಗಾಗುತ್ತಾರೆ: ಆ ವೈದ್ಯೆ ಸಮಯಕ್ಕೆ ಬಂದಿದ್ದರೆ ‘ತುಘಲಕ್’ ಇರುತ್ತಿರಲಿಲ್ಲವಲ್ಲ! ನಿಜ. ಆದರೆ ಒಮ್ಮೆ ಹಿಂದಿನ ಬೆಂಚಿನ ವಿದ್ಯಾರ್ಥಿನಿಯೊಬ್ಬಳು ಎದ್ದುನಿಂತು, “ಸರ್, ಹಂಗಂತ ಊಟಕ್ಕ ಕುಂತಾಗ ಹೇಳೂತನಕಾ ಆ ತಾಯಿ ಎಷ್ಟು ವರ್ಷ ಸುಮ್ಮನ ಇದ್ಲು?” ಎಂದು ಕೇಳಿದಳು. 1938ರಿಂದ 1973; ಮೂವತ್ತೈದು ವರ್ಷ. ಅಷ್ಟು ಕಾಲ ಪಾಠ ಹೇಳಿದ ನನಗೆ ಹೊಳೆಯದ ಪ್ರಶ್ನೆ ಅದು.

ಶಿವರಾಮ ಕಾರಂತರ ‘ಅಳಿದ ಮೇಲೆ’ (1960) ಈ ದಾರಿಯಲ್ಲಿ ಬೇರೊಂದು ಪ್ರಯೋಗ. ಸತ್ತವನೊಬ್ಬನ ಬಾಳನ್ನು ಅವನು ಬಿಟ್ಟುಹೋದ ಜನರ ಮೂಲಕ ಅರಿಯಹೊರಟ ನಿರೂಪಕ, ತೀರ್ಪುಗಾರನಾಗದೆ ಋಣ ತೀರಿಸುವವನಾಗುತ್ತಾನೆ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ (2013) ಇನ್ನೂ ಮುಂದಕ್ಕೆ ಹೋಗಿದೆ. ಅಲ್ಲಿ ಗುಟ್ಟು ಹಿಂದಿನ ಕಾಲದ್ದಲ್ಲ, ದಿನವೂ ಚಹದ ಹೊತ್ತಿಗೆ ಹೊಸದಾಗಿ ತಯಾರಾಗುವಂಥದು. ಚಿಕ್ಕಪ್ಪನ ಸಂಪಾದನೆಯಿಂದ ಮನೆ ನಡೆಯುತ್ತಿದೆ. ಅದು ಹೇಗೆ ಬರುತ್ತದೆಂದು ಯಾರೂ ಕೇಳುವುದಿಲ್ಲ. ಅವನನ್ನು ಹುಡುಕಿಕೊಂಡು ಸಾರಿನ ಡಬ್ಬಿ ಹಿಡಿದು ಬಾಗಿಲಿಗೆ ಬಂದ ಹೆಂಗಸನ್ನು ಮನೆಯ ಹೆಂಗಸರೇ ಬೈದು ಅಟ್ಟುತ್ತಾರೆ. ನಿರೂಪಕ ಸುಮ್ಮನಿರುತ್ತಾನೆ, ಆಕ್ಷೇಪಿಸುವವಳು ಅವನ ಹೆಂಡತಿ ಒಬ್ಬಳೇ. ಆಡಬಾರದ್ದನ್ನು ಆಡಿದ ಸೊಸೆಯ ಗತಿ ಏನಾಯಿತೆಂಬ ಅಂಜಿಕೆಯಲ್ಲಿ ಕಥೆ ನಿಲ್ಲುತ್ತದೆ. ಅಲ್ಲಿ ಆತ್ಮಶೋಧನೆಯೆಂದರೆ, ತಾನು ಸುಮ್ಮನಿದ್ದವನೆಂದು ನಿರೂಪಕನಿಗೆ ಅರಿವಾಗುವುದು. ಅದೇ ಲೇಖಕರ ‘ಸಕೀನಾಳ ಮುತ್ತು’ (2021) ಕೂಡ ತನ್ನ ಮನೆಯನ್ನೇ ಅರಿಯದ ಗೃಹಸ್ಥನ ಕಥೆ. ಆದರೆ ಅದರಲ್ಲಿ ನನಗೆ ಅಷ್ಟು ಬಿಗಿ ಕಾಣಲಿಲ್ಲ.

ಈ ಎಲ್ಲ ಕೃತಿಗಳಲ್ಲಿಯೂ ಗುಟ್ಟು ತಿಳಿದು ಬೆಳೆಯುವವನು ಗಂಡು. ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ (1976) ಮಾತ್ರ ಹೊತ್ತವಳ ಕಡೆಯಿಂದ ನೋಡಿತು. ಬಾಲವಿಧವೆಯಾಗಿ ತುಂಬು ಮನೆಯಲ್ಲಿ ಮಾತಿಲ್ಲದೆ ದುಡಿದ ಮುದುಕಿಯೊಬ್ಬಳ ಬಾಳನ್ನು ತಾಯಿಯ ಬಾಯಿಂದ ಕೇಳಿ ಇಂದಿರಾ ಕಥೆಯಾಗಿಸಿದರು. ತಲೆ ಬೋಳಿಸಿಕೊಳ್ಳಲು ಒಪ್ಪದ ದಾಕ್ಷಾಯಿಣಿಯ ಪರವಾಗಿ ಆ ಮುದುಕಿ ಆಡುವ ಮಾತು, ಒಂದು ಜನ್ಮವಿಡೀ ಹೊಟ್ಟೆಯಲ್ಲಿ ಇಟ್ಟುಕೊಂಡದ್ದರಿಂದ ಬಂದದ್ದು. ಈ ಕೃತಿ ಗಾತ್ರದಲ್ಲಿ ಸಣ್ಣದು. ಪಂಡಿತರು ಇದನ್ನು ಬಹುಕಾಲ ‘ಮಹಿಳಾ ಸಾಹಿತ್ಯ’ದ ಕಪಾಟಿನಲ್ಲಿ ಇಟ್ಟು ಸುಮ್ಮನಾದರು. ಇಂದಿನ ತರುಣ ಲೇಖಕರು ಹಳೆಯ ಪೆಟ್ಟಿಗೆಯನ್ನು ತೆರೆಯುವ ಮೊದಲು ಇದನ್ನೊಮ್ಮೆ ಓದಲಿ. ಕೇಳಿ ಬರೆದುಕೊಳ್ಳುವುದಕ್ಕೆ ಹೇಳುವವರು ಇನ್ನೂ ಬದುಕಿದ್ದಾರೆ.

ನಾನು ಇದನ್ನು ಅಧಿಕಾರವಾಣಿಯಿಂದ ಹೇಳುತ್ತಿಲ್ಲ. ಆ ದಿನ ಅಜ್ಜಿ ಹೇಳಿದ ಹೆಸರನ್ನು ವಂಶಾವಳಿಯಲ್ಲಿ ಬರೆದೆ. ಮನೆಯಲ್ಲಿ ಸ್ವಲ್ಪ ಗದ್ದಲವಾಯಿತು. ಮುಂದೆ ವರ್ಷಗಟ್ಟಲೆ ಗೆಳೆಯರ ಎದುರಿಗೆ, ಒಂದೆರಡು ಭಾಷಣಗಳಲ್ಲಿಯೂ, ರೈಲು ಹತ್ತಿಹೋದ ಆ ತರುಣಿಯ ಪ್ರೇಮವನ್ನೂ, ಅದನ್ನು ತಿಳಿದು ನನ್ನ ಕಣ್ಣು ತೆರೆದ ಬಗೆಯನ್ನೂ ಸ್ವಾರಸ್ಯವಾಗಿ ವರ್ಣಿಸುತ್ತ ಬಂದೆ. ಕಂಬಕ್ಕೆ ಒರಗಿ ಕುಳಿತಿದ್ದವಳನ್ನು ಮತ್ತೇನೂ ಕೇಳಲಿಲ್ಲ. ಎರಡು ವರ್ಷಗಳ ತರುವಾಯ ಅವಳು ತೀರಿಕೊಂಡಳು.

ನಾನು ಚಿಕ್ಕವನಿದ್ದಾಗ ಅಜ್ಜಿ ಸಂಕ್ರಮಣಕ್ಕೆ ಸಿದ್ಧರಾಮನ ಜಾತ್ರೆಗೆಂದು ಸೊಲ್ಲಾಪುರಕ್ಕೆ ಹೋಗುತ್ತಿದ್ದಳು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಗಂಟಿನ ತಳದಲ್ಲಿ ಹೊಸದೊಂದು ಖಣ. ಖಣ ಯಾರಿಗೆ ಎಂದು ಒಮ್ಮೆ ಕೇಳಿದ್ದೆ. “ದೇವರಿಗೆ” ಅಂದಿದ್ದಳು. ಗಂಡುದೇವರಿಗೆ ಕುಪ್ಪಸದ ಖಣ ಏಕೆಂದು ಆಗ ನನಗೆ ಹೊಳೆಯಲಿಲ್ಲ. ಅಜ್ಜನೇ ಅವಳನ್ನು ಚಕ್ಕಡಿಯಲ್ಲಿ ನಿಲ್ದಾಣದ ತನಕ ಬಿಟ್ಟು ಬರುತ್ತಿದ್ದ.